ವೈದ್ಯಕೀಯ ಕಾಲೇಜಿನ ಸಂದರ್ಶನ: ಎರಡನೇ ಪ್ರಶ್ನೆಗೆ ತಯಾರಾಗುವುದು ಹೇಗೆ

"ಡಾಕ್ಟರ್ ಆಗಬೇಕು ಅಂತ ಯಾಕೆ ಅನ್ನಿಸಿತು?" ಸಂದರ್ಶನದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಎಲ್ಲರೂ ಉತ್ತರ ಸಿದ್ಧ ಮಾಡಿಕೊಂಡೇ ಬರುತ್ತಾರೆ. ಎದುರಿಗೆ ಕೂತವರಿಗೂ ಅದು ಗೊತ್ತು. ಅವರು ಆ ಉತ್ತರವನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಕೇಳುತ್ತಾರೆ: "ಜನರಿಗೆ ಸಹಾಯ ಮಾಡಬೇಕು ಅಂದಿರಿ. ನರ್ಸ್‌ಗಳೂ ಅದನ್ನೇ ಮಾಡುತ್ತಾರಲ್ಲ. ನರ್ಸಿಂಗ್ ಯಾಕೆ ಬೇಡ?"

ನಿಜವಾದ ಸಂದರ್ಶನ ಶುರುವಾಗುವುದು ಇಲ್ಲಿಂದ. ಮೊದಲ ಪ್ರಶ್ನೆಗೆ ಕೊಟ್ಟ ಉತ್ತರದಿಂದ ನೀವು ಎಷ್ಟು ತಯಾರಿ ಮಾಡಿದ್ದೀರಿ ಅನ್ನುವುದು ತಿಳಿಯುತ್ತದೆ. ನೀವು ಹೇಗೆ ಯೋಚನೆ ಮಾಡುತ್ತೀರಿ ಅನ್ನುವುದು ತಿಳಿಯುವುದು ಎರಡನೆಯದರಿಂದ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಮೆಡಿಕಲ್ ಸೀಟಿಗೆ ಅಂಕ, ಪ್ರವೇಶ ಪರೀಕ್ಷೆ ದಾಟಿದವರನ್ನು ಸಾಮಾನ್ಯವಾಗಿ ಸಂದರ್ಶನಕ್ಕೆ ಕರೆಯುತ್ತಾರೆ. ಅಲ್ಲಿವರೆಗೆ ಬಂದವರೆಲ್ಲ ಓದಿನಲ್ಲಿ ಗಟ್ಟಿಗರೇ. ಅದಕ್ಕೇ ಉತ್ತರಗಳನ್ನು ಬಾಯಿಪಾಠ ಮಾಡುವುದರಿಂದ ಹೆಚ್ಚು ಲಾಭವಿಲ್ಲ. ಕೆಳಗಿನ ಪ್ರತಿ ಹೆಜ್ಜೆಯಲ್ಲೂ "ಇದಕ್ಕೆ ಎರಡನೇ ಪ್ರಶ್ನೆ ಏನಿರಬಹುದು?" ಅಂತ ನಿಮ್ಮನ್ನೇ ಕೇಳಿಕೊಳ್ಳುತ್ತಾ ಹೋಗಿ.

ಹೆಜ್ಜೆ 1: ಯಾವ ತರಹದ ಸಂದರ್ಶನ ಅಂತ ತಿಳಿದುಕೊಳ್ಳಿ

ಕರೆ ಬಂದ ದಿನವೇ ಆ ಇಮೇಲನ್ನು ನಿಧಾನವಾಗಿ, ಪೂರ್ತಿ ಓದಿ. ಕಾಲೇಜಿನ ವೆಬ್‌ಸೈಟಿನಲ್ಲಿ ಪ್ರವೇಶದ ಬಗ್ಗೆ ಇರುವ ಪುಟವನ್ನೂ ಬಿಡಬೇಡಿ. ಎಷ್ಟೋ ಕಾಲೇಜುಗಳು ತಾವು ಯಾವ ಗುಣಗಳಿಗೆ ಅಂಕ ಕೊಡುತ್ತೇವೆ ಅಂತ ಅಲ್ಲೇ ಬರೆದಿರುತ್ತವೆ.

ಹಳೆಯ ಪದ್ಧತಿ ಪ್ಯಾನೆಲ್ ಸಂದರ್ಶನ. ಇಬ್ಬರು ಮೂವರು ಎದುರಿಗೆ ಕೂತು ಒಂದಷ್ಟು ಹೊತ್ತು ಮಾತಾಡಿಸುತ್ತಾರೆ. ಅಮೆರಿಕದ ಅನೇಕ ಕಾಲೇಜುಗಳಲ್ಲಿ ಒಬ್ಬರ ನಂತರ ಒಬ್ಬರಂತೆ ಬೇರೆ ಬೇರೆ ಪ್ರಾಧ್ಯಾಪಕರು ಅಥವಾ ಹಿರಿಯ ವಿದ್ಯಾರ್ಥಿಗಳು ಮಾತಾಡಿಸುವುದೂ ಉಂಟು. ಇಲ್ಲಿ ಒಂದು ವಿಷಯ ಮೊದಲೇ ಗೊತ್ತಿರಬೇಕು. ಅವರು ನಿಮ್ಮ ಅರ್ಜಿ ಓದಿಕೊಂಡು ಬರುತ್ತಾರಾ, ಇಲ್ಲವಾ? ಓದಿದ್ದರೆ ಅದನ್ನೇ ಮತ್ತೆ ಒಪ್ಪಿಸಬೇಡಿ, ಅರ್ಜಿಯಲ್ಲಿ ಹಿಡಿಸದೇ ಹೋದದ್ದನ್ನು ಹೇಳಿ. ಓದಿಲ್ಲದಿದ್ದರೆ ನಿಮ್ಮ ಮುಖ್ಯ ಸಂಗತಿಗಳನ್ನು ನೀವೇ ಮಾತಿನ ನಡುವೆ ತರಬೇಕು. ಅವರಾಗಿ ಕೇಳುತ್ತಾರೆ ಅಂತ ಕಾದರೆ ಸಮಯ ಮುಗಿದುಹೋಗುತ್ತದೆ.

ಈಗ ಹೆಚ್ಚು ಚಾಲ್ತಿಯಲ್ಲಿರುವುದು ಎಂಎಂಐ, ಅಂದರೆ ಮಲ್ಟಿಪಲ್ ಮಿನಿ ಇಂಟರ್‌ವ್ಯೂ. ಇದು ಹುಟ್ಟಿದ್ದು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ, 2000ದ ದಶಕದ ಆರಂಭದಲ್ಲಿ. ಅಲ್ಲಿನವರಿಗೆ ಕಂಡ ತೊಂದರೆ ಸರಳವಾಗಿತ್ತು. ಒಂದೇ ಕೋಣೆಯಲ್ಲಿ ಒಂದೇ ತಂಡ ನೋಡಿದರೆ ಆ ತಂಡದ ಇಷ್ಟಾನಿಷ್ಟಗಳೇ ತೀರ್ಪಾಗುತ್ತವೆ. ಒಂದು ವಿಷಯದಲ್ಲಿ ಚೆನ್ನಾಗಿ ಮಾತಾಡಿದವರು ಇನ್ನೊಂದರಲ್ಲಿ ಎಡವಬಹುದು, ಅದು ಗೊತ್ತಾಗುವುದೇ ಇಲ್ಲ. ಹಾಗಾಗಿ ಅವರು ಸಂದರ್ಶನವನ್ನು ಸಣ್ಣ ಸಣ್ಣ ತುಂಡು ಮಾಡಿದರು. ಹತ್ತರ ಆಸುಪಾಸು ಸ್ಟೇಷನ್‌ಗಳು. ಪ್ರತಿಯೊಂದರಲ್ಲೂ ಬೇರೆ ಸಂದರ್ಶಕರು, ಬೇರೆ ವಿಷಯ, ಐದರಿಂದ ಹತ್ತು ನಿಮಿಷ. ಒಳಗೆ ಹೋಗುವ ಮುಂಚೆ ಬಾಗಿಲ ಹೊರಗೆ ಅಂಟಿಸಿದ ಪ್ರಶ್ನೆ ಓದಲು ಒಂದೆರಡು ನಿಮಿಷ. ವೈದ್ಯ ವಿದ್ಯಾರ್ಥಿಗಳ ಪ್ರಾಯೋಗಿಕ ಪರೀಕ್ಷೆಗೆ 1975ರಿಂದಲೂ ಬಳಕೆಯಲ್ಲಿದ್ದ ಆಸ್ಕಿ ಅನ್ನುವ ಪದ್ಧತಿಯೇ ಇದಕ್ಕೆ ಮಾದರಿ.

ನಿಮ್ಮ ಮಟ್ಟಿಗೆ ಇದರ ಅರ್ಥ ಏನು? ಒಂದು ಸ್ಟೇಷನ್ ಕೆಟ್ಟರೆ ಕೆಟ್ಟಿತು. ಮುಂದಿನ ಕೋಣೆಯಲ್ಲಿ ಇರುವವರಿಗೆ ಅದು ಗೊತ್ತೇ ಇರುವುದಿಲ್ಲ. ಹಿಂದಿನ ಕೋಣೆಯ ಬೇಸರವನ್ನು ಹೊತ್ತುಕೊಂಡು ಹೋದರೆ ಮಾತ್ರ ಅವರಿಗೂ ಗೊತ್ತಾಗುತ್ತದೆ.

ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳ ದಾರಿಯೇ ಬೇರೆ. ಅಲ್ಲಿ ಸಂದರ್ಶನ ಒಂದು ಪುಟ್ಟ ಪಾಠದ ಹಾಗೆ ನಡೆಯುತ್ತದೆ. ನೀವು ನೋಡಿರದ ಒಂದು ಗ್ರಾಫ್ ಮುಂದಿಟ್ಟು "ಇದು ಯಾಕೆ ಹೀಗಿದೆ?" ಅನ್ನುತ್ತಾರೆ. ಉತ್ತರ ಸರಿಯಾದ ಕೂಡಲೇ ಪ್ರಶ್ನೆಯನ್ನು ಇನ್ನಷ್ಟು ಕಠಿಣ ಮಾಡುತ್ತಾರೆ. ಕಷ್ಟ ಆಗುತ್ತಿದೆ ಅಂದರೆ ಸೋಲುತ್ತಿದ್ದೀರಿ ಅಂತಲ್ಲ. ಜೀವಶಾಸ್ತ್ರ, ರಸಾಯನಶಾಸ್ತ್ರದ ಬುಡವನ್ನು ಇಲ್ಲಿ ಮತ್ತೆ ನೋಡಿಕೊಂಡು ಹೋಗಲೇಬೇಕು. ಬೇರೆ ಕಡೆ ಇದು ಅಷ್ಟಾಗಿ ಬೇಕಾಗುವುದಿಲ್ಲ.

ಹೆಜ್ಜೆ 2: ನಿಮ್ಮ ಅರ್ಜಿಯನ್ನು ಪರಕೀಯರಂತೆ ಓದಿ

ಅರ್ಜಿ ಕಳಿಸಿ ತಿಂಗಳುಗಳೇ ಆಗಿರುತ್ತವೆ. ಏನು ಬರೆದಿದ್ದೀರಿ ಅನ್ನುವುದು ಅರ್ಧ ಮರೆತಿರುತ್ತದೆ. ಅದರ ಪ್ರಿಂಟ್ ತೆಗೆದು, ಕೈಯಲ್ಲಿ ಪೆನ್ನು ಹಿಡಿದು, ಪ್ರತಿ ಸಾಲಿನ ಪಕ್ಕ ಒಂದು ಪ್ರಶ್ನೆ ಬರೆಯಿರಿ. "ವೃದ್ಧಾಶ್ರಮದಲ್ಲಿ ಸ್ವಯಂಸೇವೆ ಮಾಡಿದೆ" ಅಂತ ಇದ್ದರೆ: ಅಲ್ಲಿ ನಿಮಗೆ ಹಿಡಿಸದ ಕೆಲಸ ಯಾವುದು? "ಸಂಶೋಧನೆಯಲ್ಲಿ ಭಾಗವಹಿಸಿದೆ" ಅಂತ ಇದ್ದರೆ: ಆ ಸಂಶೋಧನೆಯ ದೊಡ್ಡ ಕೊರತೆ ಏನು? ನಿಮ್ಮ ಪಾಲಿನ ಕೆಲಸ ಎಷ್ಟು? ಅರ್ಜಿಯಲ್ಲಿ ಒಂದು ಪುಸ್ತಕದ ಹೆಸರು ಹಾಕಿದ್ದರೆ ಅದನ್ನು ಮತ್ತೆ ಓದಿ. ಓದದ ಪುಸ್ತಕದ ಹೆಸರು ಹಾಕಿದ್ದರೆ ಇವತ್ತೇ ಓದಲು ಶುರುಮಾಡಿ.

ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಬದುಕಿನ ಒಂದು ಡಜನ್ ಘಟನೆಗಳನ್ನು ಬರೆದಿಡಿ. ದೊಡ್ಡ ಘಟನೆಗಳೇ ಆಗಬೇಕಿಲ್ಲ. ಯಾರೊಂದಿಗೋ ಜಗಳವಾಗಿ ಸರಿಹೋದದ್ದು. ತಂಡದಲ್ಲಿ ಒಬ್ಬರು ಕೆಲಸ ಮಾಡದೇ ಇದ್ದದ್ದು. ಸೋತದ್ದು. ಯಾರೋ ನಿಮ್ಮ ತಪ್ಪು ಎತ್ತಿ ತೋರಿಸಿದ್ದು. ರೋಗಿಯೊಬ್ಬರ ಪಕ್ಕ ಕೂತು ಸುಮ್ನೆ ಕೇಳಿಸಿಕೊಂಡದ್ದು. ಪ್ರತಿಯೊಂದಕ್ಕೂ ನಾಲ್ಕು ಸಾಲು ಸಾಕು: ಏನಾಯಿತು, ನಾನು ಏನು ಮಾಡಿದೆ, ಯಾಕೆ ಹಾಗೆ ಮಾಡಿದೆ, ಆಮೇಲೆ ನನ್ನ ನಡವಳಿಕೆಯಲ್ಲಿ ಏನು ಬದಲಾಯಿತು.

ಹೆಚ್ಚಿನವರು ಮೊದಲ ಎರಡು ಸಾಲನ್ನು ಉದ್ದುದ್ದ ಬರೆದು ಕೊನೆಯ ಎರಡನ್ನು ಬಿಟ್ಟುಬಿಡುತ್ತಾರೆ. ಅಂಕ ಇರುವುದು ಆ ಕೊನೆಯ ಎರಡಕ್ಕೆ. "ತಂಡದ ಕೆಲಸ ಎಷ್ಟು ಮುಖ್ಯ ಅಂತ ಕಲಿತೆ" ಅನ್ನುವುದು ಯಾರು ಬೇಕಾದರೂ ಹೇಳುವ ಮಾತು. "ಆಮೇಲಿಂದ ಕೆಲಸ ಹಂಚುವ ಮುಂಚೆ ಯಾರಿಗೆ ಎಷ್ಟು ಬಿಡುವಿದೆ ಅಂತ ಕೇಳಿಕೊಳ್ಳುತ್ತೇನೆ" ಅನ್ನುವುದು ನಿಮ್ಮದು.

ಒಂದು ಡಜನ್ ಘಟನೆ ಯಾಕೆ ಅಂದರೆ, ಒಂದೇ ಘಟನೆ ಮೂರು ನಾಲ್ಕು ಪ್ರಶ್ನೆಗಳಿಗೆ ಹೊಂದುತ್ತದೆ. ಪ್ರಶ್ನೆಗಳನ್ನು ಊಹಿಸಿ ಒಂದೊಂದಕ್ಕೂ ಉತ್ತರ ಬರೆಯುತ್ತಾ ಹೋದರೆ ಆ ಪಟ್ಟಿಗೆ ಕೊನೆಯೇ ಇಲ್ಲ.

ಹೆಜ್ಜೆ 3: "ಯಾಕೆ ಡಾಕ್ಟರ್?"

ಬಾಲ್ಯದಿಂದಲೂ ಕನಸು ಅನ್ನುವುದನ್ನು ದಯವಿಟ್ಟು ಬಿಡಿ. ಐದು ವರ್ಷದ ಮಗುವಿನ ಕನಸನ್ನು ನಂಬಿ ಯಾರೂ ಸೀಟು ಕೊಡುವುದಿಲ್ಲ. ಮನೆಯಲ್ಲಿ ಯಾರಿಗೋ ಕಾಯಿಲೆ ಬಂದದ್ದು ನಿಜವಾದ ಕಾರಣ ಆಗಿದ್ದರೆ ಖಂಡಿತ ಹೇಳಿ. ಆದರೆ ಅಲ್ಲಿಗೇ ನಿಲ್ಲಬೇಡಿ. ಆ ಘಟನೆ ಆಸಕ್ತಿ ಹುಟ್ಟಿಸಿರಬಹುದು. ಆಮೇಲೆ ನೀವು ಏನು ಮಾಡಿದಿರಿ? ಆಸ್ಪತ್ರೆಗೆ ಹೋಗಿ ಡಾಕ್ಟರ ಕೆಲಸ ನೋಡಿದಿರಾ? ನೋಡಿದ್ದರಲ್ಲಿ ಯಾವುದು ನೀವು ಅಂದುಕೊಂಡದ್ದಕ್ಕಿಂತ ಬೇರೆಯಾಗಿತ್ತು?

ಗಟ್ಟಿ ಉತ್ತರದಲ್ಲಿ ಮೂರು ಸಂಗತಿಗಳು ಇರುತ್ತವೆ. ಎಲ್ಲಿಂದ ಶುರುವಾಯಿತು, ಅದನ್ನು ನೀವು ಹೇಗೆ ಪರೀಕ್ಷಿಸಿಕೊಂಡಿರಿ, ಎಲ್ಲ ನೋಡಿದ ಮೇಲೂ ಯಾಕೆ ಇದೇ ಬೇಕು. ಮೂರನೆಯದರಲ್ಲೇ ನರ್ಸಿಂಗ್ ಪ್ರಶ್ನೆಗೆ ಉತ್ತರ ಅಡಗಿದೆ. ರೋಗಿಯ ಪಕ್ಕ ಜಾಸ್ತಿ ಹೊತ್ತು ಇರುವವರು ನರ್ಸ್. ಹೊಸ ಔಷಧ ಹುಡುಕುವವರು ಸಂಶೋಧಕರು. ಸಿಕ್ಕ ಅರೆಬರೆ ಸುಳಿವುಗಳನ್ನು ಒಟ್ಟು ಮಾಡಿ, ಇದು ಇಂಥ ಕಾಯಿಲೆ ಅಂತ ತೀರ್ಮಾನಿಸಿ, ಆ ತೀರ್ಮಾನದ ಹೊಣೆ ಹೊರುವ ಕೆಲಸದ ದೊಡ್ಡ ಪಾಲು ವೈದ್ಯರದು. ನಿಮ್ಮನ್ನು ಸೆಳೆಯುವುದು ಆ ಭಾಗವೇ ಆಗಿದ್ದರೆ ಹಾಗೆಂದೇ ಹೇಳಿ. ಆದರೆ ನರ್ಸ್‌ಗಳನ್ನು ಕೆಳಗೆ ಹಾಕಿ ಮಾತ್ರ ಹೇಳಬೇಡಿ. ಎದುರಿಗೆ ಕೂತವರಲ್ಲಿ ಒಬ್ಬರು ನರ್ಸೇ ಆಗಿರಬಹುದು.

ಇಲ್ಲೇ ಇನ್ನೊಂದು ಎರಡನೇ ಪ್ರಶ್ನೆ: "ಈ ವೃತ್ತಿಯಲ್ಲಿ ನಿಮಗೆ ಭಯ ಹುಟ್ಟಿಸುವುದು ಏನು?" ರಾತ್ರಿ ಪಾಳಿ, ದೀರ್ಘ ಓದು ಅಂತ ಹೇಳಿ ಜಾರಿಕೊಳ್ಳುವವರೇ ಜಾಸ್ತಿ. ತನ್ನ ತಪ್ಪಿನಿಂದ ರೋಗಿಗೆ ಹಾನಿಯಾಗುವ ಸಾಧ್ಯತೆ, ಎಷ್ಟು ಮಾಡಿದರೂ ಕೆಲವರು ಉಳಿಯುವುದಿಲ್ಲ ಅನ್ನುವ ಸತ್ಯ, ದಣಿವಿನಲ್ಲಿ ಕರುಣೆ ಬತ್ತಿಹೋಗುವುದು, ಇಂಥವುಗಳ ಬಗ್ಗೆ ಯೋಚಿಸಿದವರ ಮಾತಿನ ತೂಕವೇ ಬೇರೆ. ಅದಕ್ಕೆ ನೀವು ಹೇಗೆ ಸಿದ್ಧರಾಗುತ್ತೀರಿ ಅನ್ನುವುದನ್ನೂ ಒಂದು ಮಾತಿನಲ್ಲಿ ಸೇರಿಸಿ.

"ನಿಮ್ಮ ದೌರ್ಬಲ್ಯ ಏನು?" ಅಂತ ಕೇಳಿದಾಗ "ನಾನು ಎಲ್ಲವನ್ನೂ ತೀರಾ ಅಚ್ಚುಕಟ್ಟಾಗಿ ಮಾಡಲು ಹೋಗುತ್ತೇನೆ" ಅನ್ನಬೇಡಿ. ಅದು ಹೊಗಳಿಕೆಗೆ ಹಾಕಿದ ವೇಷ ಅಂತ ಎಲ್ಲರಿಗೂ ತಿಳಿದಿದೆ.

ಹೆಜ್ಜೆ 4: ನೈತಿಕ ಪ್ರಶ್ನೆಗಳು

ಹೆಚ್ಚು ಸಮಯ ಇಲ್ಲಿಗೆ ಕೊಡಿ. ಜನ ಹೆಚ್ಚು ಹೆದರುವುದೂ ಇದಕ್ಕೇ, ತಪ್ಪಾಗಿ ತಯಾರಿ ಮಾಡುವುದೂ ಇದಕ್ಕೇ.

ಬಹುತೇಕ ಎಲ್ಲ ಕೋಚಿಂಗ್ ಪುಸ್ತಕಗಳೂ ನಾಲ್ಕು ತತ್ವಗಳಿಂದ ಶುರುಮಾಡುತ್ತವೆ. ರೋಗಿಯ ನಿರ್ಧಾರಕ್ಕೆ ಗೌರವ, ಒಳ್ಳೆಯದನ್ನು ಮಾಡುವುದು, ಕೆಟ್ಟದ್ದನ್ನು ಮಾಡದಿರುವುದು, ನ್ಯಾಯ. 1979ರಲ್ಲಿ ಇಬ್ಬರು ಅಮೆರಿಕನ್ ವಿದ್ವಾಂಸರು ಮುಂದಿಟ್ಟ ಚೌಕಟ್ಟು ಇದು. ಉಪಯೋಗಕ್ಕೆ ಬರುತ್ತದೆ, ಸರಿ. ಆದರೆ ತತ್ವಗಳ ಹೆಸರು ಒಪ್ಪಿಸಿದರೆ ಅದು ಉತ್ತರ ಆಗುವುದಿಲ್ಲ. ತತ್ವಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಜಾಗವನ್ನೇ ಹುಡುಕಿ ಪ್ರಶ್ನೆ ಮಾಡಿರುತ್ತಾರೆ.

ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸಿ ನೋಡೋಣ. ಎಂಬತ್ತು ವರ್ಷದ ವ್ಯಕ್ತಿ. ಸ್ಕ್ಯಾನಿನಲ್ಲಿ ಕ್ಯಾನ್ಸರ್ ಕಂಡಿದೆ. ಮಗ ಬಂದು, "ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ, ಕುಸಿದುಹೋಗ್ತಾರೆ" ಅನ್ನುತ್ತಾನೆ. ನೀವು ಏನು ಮಾಡುತ್ತೀರಿ?

"ರೋಗಿಗೆ ತಿಳಿಯುವ ಹಕ್ಕಿದೆ, ಹಾಗಾಗಿ ಹೇಳುತ್ತೇನೆ." ಈ ಉತ್ತರ ತಪ್ಪಲ್ಲ. ಆದರೆ ಹತ್ತು ಸೆಕೆಂಡಿನಲ್ಲಿ ಬಾಗಿಲು ಮುಚ್ಚಿಬಿಡುತ್ತದೆ. ಉಳಿದ ಏಳು ನಿಮಿಷ ಏನು ಮಾಡುತ್ತೀರಿ?

ನಿಮಗೆ ಗೊತ್ತಿಲ್ಲದ್ದು ಏನು ಅನ್ನುವುದರಿಂದ ಶುರುಮಾಡಿ. ಅಪ್ಪ ಈ ಮುಂಚೆ "ಏನೇ ಇದ್ದರೂ ನನಗೆ ಹೇಳಿ" ಅಂದಿದ್ದರಾ, ಅಥವಾ "ಮಗನ ಹತ್ತಿರ ಮಾತಾಡಿ" ಅಂದಿದ್ದರಾ? ಸ್ವಂತ ನಿರ್ಧಾರ ಮಾಡುವ ಸ್ಥಿತಿಯಲ್ಲಿ ಇದ್ದಾರಾ? ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಕಾನೂನು ಇದಕ್ಕೆ ನಾಲ್ಕು ಅಳತೆ ಹೇಳುತ್ತದೆ: ವಿಷಯ ಅರ್ಥವಾಗಬೇಕು, ನಿರ್ಧಾರ ಮಾಡುವಷ್ಟು ಹೊತ್ತು ನೆನಪಿರಬೇಕು, ಅದನ್ನು ತೂಗಿ ನೋಡಲು ಆಗಬೇಕು, ನಿರ್ಧಾರವನ್ನು ಹೇಗಾದರೂ ತಿಳಿಸಲು ಆಗಬೇಕು. ವಯಸ್ಸು ಎಂಬತ್ತು ಅನ್ನುವುದು ಈ ನಾಲ್ಕರಲ್ಲಿ ಯಾವುದೂ ಅಲ್ಲ. ಇನ್ನೂ ಒಂದು ಪ್ರಶ್ನೆ ಇದೆ, ಇದನ್ನು ಗಮನಿಸುವವರು ಕಡಿಮೆ: ಅಪ್ಪನಿಗೇ ಗೊತ್ತಿಲ್ಲದ ಫಲಿತಾಂಶ ಮಗನಿಗೆ ಮೊದಲು ಗೊತ್ತಾದದ್ದು ಹೇಗೆ? ಗೌಪ್ಯತೆ ಆಗಲೇ ಮುರಿದಿರಬಹುದಲ್ವಾ?

ಆಮೇಲೆ ಮಗನ ಕಡೆ ತಿರುಗಿ. ಅವನು ಶತ್ರುವಲ್ಲ. ಹೆದರಿದ್ದಾನೆ. ಯಾಕೆ ಹಾಗೆ ಅನ್ನಿಸುತ್ತದೆ ಅಂತ ಕೇಳಿ. ಅಪ್ಪನಿಗೆ ಹಿಂದೆ ಖಿನ್ನತೆ ಇತ್ತು ಅನ್ನಬಹುದು. ಅದು ಹೇಳದಿರಲು ಕಾರಣವಾಗುವುದಿಲ್ಲ. ಆದರೆ ಹೇಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನುವುದನ್ನು ಬದಲಿಸುತ್ತದೆ.

ಕೊನೆಗೆ ಅಪ್ಪನನ್ನೇ ಕೇಳುವುದು. "ಪರೀಕ್ಷೆಯ ಫಲಿತಾಂಶ ಬಂದಿದೆ. ಎಷ್ಟರ ಮಟ್ಟಿಗೆ ತಿಳಿದುಕೊಳ್ಳಲು ಇಷ್ಟಪಡುತ್ತೀರಿ? ಜೊತೆಯಲ್ಲಿ ಯಾರು ಇರಬೇಕು?" ತಿಳಿಯುವ ಹಕ್ಕಿನ ಜೊತೆಗೆ, ತಿಳಿಯಲು ಇಷ್ಟವಿಲ್ಲ ಅನ್ನುವ ಹಕ್ಕೂ ಇದೆ. ಅವರು ನೇರವಾಗಿ ಕೇಳಿದರೆ ಸುಳ್ಳು ಹೇಳುವುದಿಲ್ಲ ಅನ್ನುವುದನ್ನು ಮಗನಿಗೆ ಮೊದಲೇ, ಮೆದುವಾಗಿ, ತಿಳಿಸಿ.

ಈಗ ಎರಡನೇ ಪ್ರಶ್ನೆ ಬರುತ್ತದೆ: "ಅವರು ತಿಳಿಯಲು ಇಷ್ಟವಿಲ್ಲ ಅಂದರು. ಆದರೆ ಕೀಮೋಥೆರಪಿ ಬೇಗ ಶುರುವಾಗಬೇಕು. ಈಗ?" ಇಲ್ಲಿ ಯೋಚನೆ ತಿರುವು ತಗೊಳ್ಳಬೇಕು. ಯಾವುದಕ್ಕೆ ಅಂತ ಒಂದಿಷ್ಟೂ ತಿಳಿಯದೆ ಅಂಥ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟರೆ ಅದು ಒಪ್ಪಿಗೆಯೇ ಅಲ್ಲ. ಹಾಗಾಗಿ ಒಪ್ಪಿಗೆಗೆ ಬೇಕಾದಷ್ಟಾದರೂ ಅವರಿಗೆ ತಿಳಿಸಬೇಕಾಗುತ್ತದೆ. "ನಾನು ಮೊದಲು ಹೇಳಿದ್ದನ್ನು ಇಲ್ಲಿ ಸ್ವಲ್ಪ ಬದಲಿಸಬೇಕು" ಅಂತ ಬಾಯಿಬಿಟ್ಟು ಹೇಳಿ. ಅಭಿಪ್ರಾಯ ಬದಲಿಸಿದರೆ ಅಂಕ ಹೋಗುತ್ತದೆ ಅಂತ ಹಲವರು ನಂಬಿದ್ದಾರೆ. ಕಾರಣ ಕೊಟ್ಟು ಬದಲಿಸುವುದಕ್ಕೂ, ಸಂದರ್ಶಕರು ಹುಬ್ಬು ಏರಿಸಿದ ಕೂಡಲೇ ಮಾತು ತಿರುಗಿಸುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಗೌಪ್ಯತೆಯ ಬಗ್ಗೆ ಎರಡು ನಿಜವಾದ ತೀರ್ಪುಗಳನ್ನು ತಿಳಿದಿದ್ದರೆ ಒಳ್ಳೆಯದು. 1976ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಟ್ಯಾರಸಾಫ್ ಪ್ರಕರಣದಲ್ಲಿ, ರೋಗಿಯಿಂದ ಇನ್ನೊಬ್ಬರ ಜೀವಕ್ಕೆ ಗಂಭೀರ ಅಪಾಯವಿದ್ದರೆ ಆ ವ್ಯಕ್ತಿಯನ್ನು ಕಾಪಾಡಲು ಸೂಕ್ತ ಕ್ರಮ ತಗೊಳ್ಳುವ ಹೊಣೆ ಚಿಕಿತ್ಸಕರಿಗೆ ಇದೆ ಅಂದಿತು. 1985ರಲ್ಲಿ ಬ್ರಿಟನ್ನಿನ ಗಿಲಿಕ್ ತೀರ್ಪು, ಹದಿನಾರು ತುಂಬದವರಿಗೂ ವಿಷಯವನ್ನು ಪೂರ್ತಿ ಅರ್ಥಮಾಡಿಕೊಳ್ಳುವ ಬುದ್ಧಿ ಇದ್ದರೆ ತಮ್ಮ ಚಿಕಿತ್ಸೆಗೆ ತಾವೇ ಒಪ್ಪಿಗೆ ಕೊಡಬಹುದು ಅಂದಿತು. ಇವನ್ನು ಹೆಸರಿಸಿ ಮೆಚ್ಚುಗೆ ಗಿಟ್ಟಿಸಲು ಹೋಗಬೇಡಿ. ಒಳಗಿನ ತರ್ಕ ಹಿಡಿಯಿರಿ. ಮೂರ್ಛೆ ರೋಗ ಇರುವ ರೋಗಿ ಕಾರು ಓಡಿಸುವುದನ್ನು ಬಿಡುತ್ತಿಲ್ಲ ಅನ್ನುವ ಪ್ರಶ್ನೆ ಬಂದರೆ ಅದೇ ತರ್ಕ: ಮೊದಲು ಅವರ ಮನವೊಲಿಸುವುದು, ಹಿರಿಯರ ಸಲಹೆ, ಒಪ್ಪದಿದ್ದರೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ ತಿಳಿಸುತ್ತೇನೆ ಅಂತ ಅವರಿಗೇ ಹೇಳಿ, ಆಮೇಲೆ ಬೇಕಾದಷ್ಟನ್ನು ಮಾತ್ರ ತಿಳಿಸುವುದು. ಕಾನೂನು ದೇಶದಿಂದ ದೇಶಕ್ಕೆ ಬೇರೆ. ನೀವು ಅರ್ಜಿ ಹಾಕಿದ ದೇಶದ ವೈದ್ಯಕೀಯ ಮಂಡಳಿಯ ಮಾರ್ಗಸೂಚಿ ಒಮ್ಮೆ ಓದಿ. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್‌ನ ಮಾರ್ಗಸೂಚಿಯ ಹೊಸ ರೂಪ 2024ರ ಜನವರಿಯಿಂದ ಜಾರಿಯಲ್ಲಿದೆ. ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತದೆ.

ಇನ್ನೊಂದು ಮಾದರಿ, ಕಸಿಗೆ ಸಿಕ್ಕಿರುವುದು ಒಂದೇ ಯಕೃತ್ತು, ಇಬ್ಬರು ರೋಗಿಗಳು, ಅವರಲ್ಲಿ ಒಬ್ಬರು ಕುಡಿದು ಯಕೃತ್ತು ಹಾಳುಮಾಡಿಕೊಂಡವರು. ಯಾರು ಹೆಚ್ಚು ಯೋಗ್ಯರು ಅಂತ ತೀರ್ಪು ಕೊಡುವ ಬಲೆಗೆ ಬೀಳಬೇಡಿ. ಎಷ್ಟು ತುರ್ತು, ಕಸಿಯಿಂದ ಯಾರಿಗೆ ಎಷ್ಟು ಪ್ರಯೋಜನ, ಅಂಗ ಹೊಂದುತ್ತದಾ, ಎಷ್ಟು ಕಾಲದಿಂದ ಕಾಯುತ್ತಿದ್ದಾರೆ ಅನ್ನುವುದು ಮಾನದಂಡ. ಕುಡಿತ ಲೆಕ್ಕಕ್ಕೆ ಬರುವುದು ಮುಂದೆ ಕಸಿ ಉಳಿಯುತ್ತದಾ ಅನ್ನುವ ಮಟ್ಟಿಗೆ. ಶಿಕ್ಷೆಯಾಗಿ ಅಲ್ಲ.

ಹಿರಿಯ ವೈದ್ಯರು ಕುಡಿದು ಡ್ಯೂಟಿಗೆ ಬಂದರೆ ಅನ್ನುವ ಪ್ರಶ್ನೆಗೆ ಕ್ರಮ ಒಂದೇ: ಮೊದಲು ರೋಗಿಗಳನ್ನು ಸುರಕ್ಷಿತ ಮಾಡಿ, ಆಮೇಲೆ ಮೇಲಿನವರಿಗೆ ತಿಳಿಸಿ, ಆಮೇಲೆ ಆ ವೈದ್ಯರಿಗೆ ನೆರವು. ಈ ಕ್ರಮ ತಲೆಕೆಳಗಾಗಬಾರದು.

ಹೆಜ್ಜೆ 5: ನಟರ ಎದುರು ಮಾತು

ಎಂಎಂಐನಲ್ಲಿ ಒಂದಾದರೂ ಕೋಣೆಯಲ್ಲಿ ನಟರೊಬ್ಬರು ಕೂತಿರುವ ಸಾಧ್ಯತೆ ಇದೆ. ಅವರು ಸಿಟ್ಟಾದ ಸಹೋದ್ಯೋಗಿ, ಪರೀಕ್ಷೆಯಲ್ಲಿ ಫೇಲಾದ ಗೆಳತಿ, ಕೆಟ್ಟ ಸುದ್ದಿ ಕೇಳಬೇಕಾದ ನೆರೆಯವರು. ನೀವು ಮಾತಾಡಬೇಕು. ಸಂದರ್ಶಕರು ಮೂಲೆಯಲ್ಲಿ ಕೂತು ನೋಡುತ್ತಿರುತ್ತಾರೆ.

ಇಲ್ಲಿ ಬುದ್ಧಿವಂತರು ಮಾಡುವ ತಪ್ಪು ಒಂದೇ: ಪರಿಹಾರ ಹೇಳಲು ಓಡುವುದು. ಗೆಳತಿ ಅಳುತ್ತಿದ್ದಾಳೆ, ಇವರು ಮರುಪರೀಕ್ಷೆಯ ವೇಳಾಪಟ್ಟಿ ಹೇಳುತ್ತಿದ್ದಾರೆ. ಮೊದಲು ಕೂತುಕೊಳ್ಳಿ. ಏನಾಯಿತು ಅಂತ ಕೇಳಿ. ಆಮೇಲೆ ಬಾಯಿ ಮುಚ್ಚಿ. ಐದಾರು ಸೆಕೆಂಡಿನ ಮೌನ ನಿಮಗೆ ಯುಗದಂತೆ ಅನ್ನಿಸಬಹುದು, ನೋಡುವವರಿಗೆ ಅದು ತಾಳ್ಮೆಯಾಗಿ ಕಾಣುತ್ತದೆ.

ಕೆಟ್ಟ ಸುದ್ದಿ ಹೇಳಲು ಕ್ಯಾನ್ಸರ್ ವೈದ್ಯರು 2000ದಲ್ಲಿ ಪ್ರಕಟಿಸಿದ ಆರು ಹಂತಗಳ ಒಂದು ಕ್ರಮ ಇದೆ, ಸ್ಪೈಕ್ಸ್ ಅಂತ ಹೆಸರು. ಜಾಗ ಸಿದ್ಧಮಾಡುವುದು, ಅವರಿಗೆ ಆಗಲೇ ಏನು ಗೊತ್ತು ಅಂತ ಕೇಳುವುದು, ಎಷ್ಟು ತಿಳಿಯಬೇಕು ಅಂತ ಕೇಳುವುದು, ಸರಳ ಮಾತಿನಲ್ಲಿ ತಿಳಿಸುವುದು, ಭಾವನೆಗೆ ಸ್ಪಂದಿಸುವುದು, ಮುಂದೇನು ಅಂತ ಒಟ್ಟಿಗೆ ನೋಡುವುದು. ಗಮನಿಸಿ, ಸುದ್ದಿ ಬಾಯಿಗೆ ಬರುವುದು ನಾಲ್ಕನೇ ಹಂತದಲ್ಲಿ.

ಇನ್ನೊಂದು ಜಾತಿಯ ಸ್ಟೇಷನ್‌ನಲ್ಲಿ ನಿಮಗೆ ಒಂದು ಚಿತ್ರ ಕೊಡುತ್ತಾರೆ, ಎದುರಿನವರಿಗೆ ಅದು ಕಾಣುವುದಿಲ್ಲ. ನಿಮ್ಮ ಮಾತು ಕೇಳಿ ಅವರು ಅದನ್ನು ಬರೆಯಬೇಕು. ಮನೆಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂತು ಅಭ್ಯಾಸ ಮಾಡಿ. ಮೊದಲು ಇಡೀ ಚಿತ್ರ ಏನು ಅಂತ ಹೇಳಿ, ಆಮೇಲೆ ಒಂದೊಂದೇ ಗೆರೆ. "ಇಲ್ಲಿವರೆಗೆ ನೀವು ಏನು ಬರೆದಿದ್ದೀರಿ ಹೇಳ್ತೀರಾ?" ಅಂತ ನಡುನಡುವೆ ಕೇಳಿ. "ಅರ್ಥ ಆಯ್ತಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ, ರೋಗಿಗಳೂ ಅಷ್ಟೇ.

ಹೆಜ್ಜೆ 6: ಅಂಕಿ ಅಂಶ ಮತ್ತು ಆರೋಗ್ಯ ಸುದ್ದಿ

ಸಣ್ಣ ಲೆಕ್ಕಗಳು ಬರಬಹುದು. ಮಗುವಿನ ತೂಕ 20 ಕಿಲೋ, ಒಂದು ಕಿಲೋಗೆ 15 ಮಿಲಿಗ್ರಾಂ ಔಷಧ, ಸಿರಪ್ಪಿನ 5 ಮಿಲಿಲೀಟರಿನಲ್ಲಿ 250 ಮಿಲಿಗ್ರಾಂ ಇದೆ, ಎಷ್ಟು ಕೊಡಬೇಕು? ಬೇಕಾದದ್ದು 300 ಮಿಲಿಗ್ರಾಂ, ಒಂದು ಮಿಲಿಲೀಟರಿನಲ್ಲಿ 50, ಹಾಗಾಗಿ 6 ಮಿಲಿಲೀಟರ್. ಪ್ರತಿ ಹಂತವನ್ನೂ ಬಾಯಿಬಿಟ್ಟು ಹೇಳಿ. ಕೊನೆಗೆ "ಇದು ಒಂದು ಚಮಚಕ್ಕಿಂತ ಸ್ವಲ್ಪ ಜಾಸ್ತಿ, ಸರಿಯಾಗಿ ಕಾಣುತ್ತದೆ" ಅಂತ ಒಮ್ಮೆ ತಾಳೆ ನೋಡಿ. 60 ಅಂತ ಬಂದಿದ್ದರೆ ನಿಮಗೇ ಅನುಮಾನ ಬರಬೇಕು.

ಅಪಾಯದ ಅಂಕಿಗಳನ್ನು ಬಿಡಿಸಿ ಹೇಳುವುದು ಇನ್ನೂ ಮುಖ್ಯ. 1995ರಲ್ಲಿ ಬ್ರಿಟನ್ನಿನಲ್ಲಿ, ಕೆಲವು ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟಾಗುತ್ತದೆ ಅಂತ ಎಚ್ಚರಿಕೆ ಹೊರಟಿತು. ಎಷ್ಟೋ ಹೆಂಗಸರು ಗಾಬರಿಯಿಂದ ಮಾತ್ರೆ ಬಿಟ್ಟರು. ಮುಂದಿನ ವರ್ಷ ಗರ್ಭಪಾತಗಳು ಹೆಚ್ಚಾದವು. ದುಪ್ಪಟ್ಟು ಅಂದರೆ ಎಷ್ಟಿತ್ತು? 7,000 ಮಂದಿಯಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ. ಗರ್ಭಿಣಿಯಾದರೆ ಅದೇ ಅಪಾಯ ಇದಕ್ಕಿಂತ ಜಾಸ್ತಿ. ಗ್ರಾಫ್ ಅಥವಾ ಪತ್ರಿಕೆಯ ತಲೆಬರಹ ಕೊಟ್ಟಾಗಲೆಲ್ಲ "ಎಷ್ಟರಲ್ಲಿ ಎಷ್ಟು?" ಅಂತ ಕೇಳುವ ರೂಢಿ ಮಾಡಿಕೊಳ್ಳಿ.

ಆರೋಗ್ಯ ಸುದ್ದಿಯಲ್ಲಿ ಹತ್ತು ವಿಷಯ ಮೇಲೆ ಮೇಲೆ ಓದುವುದಕ್ಕಿಂತ ಮೂರನ್ನು ಚೆನ್ನಾಗಿ ಓದಿ. ಒಂದು, ನೀವು ಹೋಗುವ ದೇಶದಲ್ಲಿ ಆಸ್ಪತ್ರೆಯ ಬಿಲ್ಲು ಯಾರು ಕಟ್ಟುತ್ತಾರೆ ಅನ್ನುವುದು. ಬ್ರಿಟನ್ನಿನಲ್ಲಿ 1948ರಿಂದ ತೆರಿಗೆ ಹಣದಲ್ಲಿ ನಡೆಯುವ ಎನ್‌ಎಚ್‌ಎಸ್ ಅನ್ನುವ ರಾಷ್ಟ್ರೀಯ ಆರೋಗ್ಯ ಸೇವೆ ಇದೆ. ಅಮೆರಿಕದಲ್ಲಿ ಖಾಸಗಿ ವಿಮೆಯ ಜೊತೆಗೆ, ಮುಖ್ಯವಾಗಿ ಹಿರಿಯರಿಗೆ ಮೆಡಿಕೇರ್, ಕಡಿಮೆ ಆದಾಯದವರಿಗೆ ಮೆಡಿಕೇಡ್ ಅನ್ನುವ ಸರ್ಕಾರಿ ವಿಮೆಗಳಿವೆ, ಎರಡೂ 1965ರಲ್ಲಿ ಬಂದವು. ಕೆನಡಾದಲ್ಲಿ ಸರ್ಕಾರಿ ವಿಮೆಗೆ ಆಧಾರವಾದ ಆರೋಗ್ಯ ಕಾಯ್ದೆ 1984ರದ್ದು. ನೀವು ಹೋಗುವ ದೇಶದ ವ್ಯವಸ್ಥೆಯ ಒಂದು ಬಲ, ಒಂದು ಕೊರತೆ ಹೇಳಲು ಬರಬೇಕು. ಉಳಿದ ಎರಡು ನಿಮ್ಮ ಆಯ್ಕೆ. ಆ್ಯಂಟಿಬಯಾಟಿಕ್‌ಗಳಿಗೆ ರೋಗಾಣುಗಳು ಬಗ್ಗದಿರುವ ಸಮಸ್ಯೆ ಓದಲು ಒಳ್ಳೆಯ ವಿಷಯ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಇದರ ಎಚ್ಚರಿಕೆ ಕೊಟ್ಟಿದ್ದರು. ಲಸಿಕೆ ಬಗ್ಗೆ ಜನರ ಅನುಮಾನ ಇನ್ನೊಂದು. ಅನುಮಾನ ಪಡುವವರನ್ನು ದಡ್ಡರು ಅಂತ ತಳ್ಳಿಹಾಕುವ ಮುಂಚೆ ಟಸ್ಕೀಗಿ ಪ್ರಕರಣ ಓದಿ. ಅಮೆರಿಕ ಸರ್ಕಾರದ ಆರೋಗ್ಯ ಇಲಾಖೆಯೇ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಕಪ್ಪು ಗಂಡಸರಿಗೆ, ಔಷಧ ಬಂದ ಮೇಲೂ, ಚಿಕಿತ್ಸೆ ಕೊಡದೆ ನೋಡುತ್ತಾ ಕೂತಿತ್ತು.

ಹೆಜ್ಜೆ 7: ಬಾಯಿಬಿಟ್ಟು ಅಭ್ಯಾಸ

ಓದುವುದರಿಂದ ಮಾತು ಬರುವುದಿಲ್ಲ. ಈಜಿನ ಪುಸ್ತಕ ಓದಿ ನೀರಿಗೆ ಇಳಿದ ಹಾಗೆ. ಸಂದರ್ಶನಕ್ಕೆ ಐದಾರು ವಾರ ಇದೆ ಅಂದರೆ ಮೊದಲ ಎರಡು ವಾರ ಓದು, ನೋಟ್‌ಬುಕ್. ಉಳಿದದ್ದೆಲ್ಲ ಮಾತು.

ಮೊದಲು ಒಬ್ಬರೇ ಮಾಡಿ. ಫೋನಿನಲ್ಲಿ ಎರಡು ನಿಮಿಷದ ಟೈಮರ್ ಇಟ್ಟು, ಉತ್ತರ ರೆಕಾರ್ಡ್ ಮಾಡಿ. ಆಮೇಲೆ ಕೇಳಿ. ಸ್ವಂತ ಧ್ವನಿ ಕೇಳುವುದು ಹಿಂಸೆಯೇ, ಆದರೂ ಕೇಳಿ. ಮೂರು ಸಂಗತಿ ಗಮನಿಸಿ: ಕೇಳಿದ ಪ್ರಶ್ನೆಗೇ ಉತ್ತರಿಸಿದಿರಾ, ಮುಖ್ಯ ಮಾತು ಎಷ್ಟನೇ ಸೆಕೆಂಡಿಗೆ ಬಂತು, ಮುಗಿದ ಮೇಲೂ ಎಳೆದಿರಾ. ಎರಡು ನಿಮಿಷ ಆದ ಮೇಲೆ ನಿಲ್ಲಿಸಲು ಕಲಿಯಿರಿ. ನೀವು ನಿಲ್ಲಿಸದಿದ್ದರೆ ಅವರು ಎರಡನೇ ಪ್ರಶ್ನೆ ಕೇಳುವುದಾದರೂ ಹೇಗೆ?

ಆಮೇಲೆ ಬೇರೆಯವರ ಜೊತೆ. ಅಪ್ಪ ಅಮ್ಮ, ಆಪ್ತ ಗೆಳೆಯರು ತೀರಾ ಮೆದು. ನಿಮ್ಮನ್ನು ಅಷ್ಟಾಗಿ ತಿಳಿಯದ ಶಿಕ್ಷಕರು, ನೆರೆಯವರು, ಪರಿಚಯದ ಡಾಕ್ಟರು ಒಳ್ಳೆಯ ಆಯ್ಕೆ. ಅವರಿಗೆ ಒಂದೇ ಕೋರಿಕೆ ಇಡಿ: "ನನ್ನ ಪ್ರತಿ ಉತ್ತರಕ್ಕೂ ಯಾಕೆ ಅಥವಾ ಹಾಗಾಗದಿದ್ದರೆ ಅಂತ ಕೇಳಿ." ಅವರಿಗೆ ವೈದ್ಯಕೀಯ ಗೊತ್ತಿರಬೇಕಿಲ್ಲ. ದುಡ್ಡು ಕೊಟ್ಟು ಕೋಚಿಂಗ್‌ಗೆ ಹೋಗಬೇಕಾ ಅಂತ ಕೇಳುವವರಿದ್ದಾರೆ. ಒಂದೆರಡು ಅಣಕು ಸಂದರ್ಶನಕ್ಕೆ ಹೋದರೆ ತಪ್ಪಿಲ್ಲ. ಆದರೆ ಅವರು ಕೊಡುವ ಮಾದರಿ ಉತ್ತರಗಳನ್ನು ಅಲ್ಲೇ ಬಿಟ್ಟು ಬನ್ನಿ. ಅದೇ ಮಾತನ್ನು ಸಂದರ್ಶಕರು ಬೆಳಗ್ಗೆಯಿಂದ ಕೇಳುತ್ತಾ ಕೂತಿರುತ್ತಾರೆ.

ಮನೆಮಾತಲ್ಲದ ಭಾಷೆಯಲ್ಲಿ ಸಂದರ್ಶನ ಕೊಡುವವರು ಯೋಚನೆಯನ್ನೂ ಅದೇ ಭಾಷೆಯಲ್ಲಿ ಗಟ್ಟಿಯಾಗಿ ಮಾಡಿ ರೂಢಿಸಿಕೊಳ್ಳಿ. ಉಚ್ಚಾರಣೆ ಬದಲಿಸಲು ಹೋಗಬೇಡಿ, ವೇಗ ಕಡಿಮೆ ಮಾಡಿ ಸಾಕು. ಪ್ರಶ್ನೆ ಅರ್ಥವಾಗದಿದ್ದರೆ "ಇನ್ನೊಮ್ಮೆ ಹೇಳುತ್ತೀರಾ?" ಅನ್ನುವುದರಲ್ಲಿ ನಾಚಿಕೆ ಏನೂ ಇಲ್ಲ.

ಹೆಜ್ಜೆ 8: ಆ ದಿನ

ಬಟ್ಟೆ ಅಚ್ಚುಕಟ್ಟಾಗಿರಲಿ, ಕೂತು ಎದ್ದು ಮಾಡಲು ಆರಾಮಾಗಿರಲಿ. ಗುರುತಿನ ಚೀಟಿ, ಕೇಳಿದ ದಾಖಲೆಗಳು ಹಿಂದಿನ ರಾತ್ರಿಯೇ ಬ್ಯಾಗಿಗೆ. ಆನ್‌ಲೈನ್ ಆದರೆ ಬೆಳಕು ಮುಖದ ಮುಂದಿನಿಂದ ಬರಲಿ, ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಇರಲಿ, ಸಮಯದ ವಲಯ ಎರಡು ಸಲ ನೋಡಿಕೊಳ್ಳಿ. ಪರದೆಯ ಮೇಲೆ ಟಿಪ್ಪಣಿ ಅಂಟಿಸಿ ಓದಿದರೆ ಕಣ್ಣಿನ ಓಡಾಟ ಎಲ್ಲವನ್ನೂ ಹೇಳಿಬಿಡುತ್ತದೆ.

ಸ್ವಾಗತದ ಡೆಸ್ಕಿನವರು, ಕಾಲೇಜು ತೋರಿಸುವ ವಿದ್ಯಾರ್ಥಿಗಳು, ಜೊತೆಗೆ ಕಾಯುವ ಅಭ್ಯರ್ಥಿಗಳು, ಎಲ್ಲರೊಂದಿಗೂ ಚೆನ್ನಾಗಿ ನಡೆದುಕೊಳ್ಳಿ. ಅಲ್ಲಿನ ಮಾತೂ ಒಮ್ಮೊಮ್ಮೆ ಸಮಿತಿಗೆ ತಲುಪುತ್ತದೆ.

ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಆದರೆ ಅಲ್ಲಿಗೇ ಬಿಡಬೇಡಿ. "ಇದು ನನಗೆ ಗೊತ್ತಿಲ್ಲ. ಗೊತ್ತಿರುವುದರಿಂದ ಊಹಿಸಿದರೆ ಹೀಗಿರಬಹುದು" ಅನ್ನಬಹುದು. ತಿಳಿಯದ್ದನ್ನು ತಿಳಿದಂತೆ ನಟಿಸುವ ಅಭ್ಯರ್ಥಿ ಮುಂದೆ ವಾರ್ಡಿನಲ್ಲೂ ಹಾಗೇ ಮಾಡಬಹುದು ಅನ್ನುವುದು ಅವರ ಭಯ.

ಕೊನೆಯಲ್ಲಿ "ನಿಮಗೆ ಏನಾದರೂ ಕೇಳುವುದಿದೆಯಾ?" ಅಂದಾಗ ವೆಬ್‌ಸೈಟಿನಲ್ಲಿ ಇರುವುದನ್ನೇ ಕೇಳಬೇಡಿ. ಮೊದಲ ವರ್ಷ ಕಷ್ಟಪಡುವ ವಿದ್ಯಾರ್ಥಿಗಳಿಗೆ ನೆರವು ಹೇಗೆ ಸಿಗುತ್ತದೆ, ರೋಗಿಗಳ ಜೊತೆ ಮೊದಲ ಒಡನಾಟ ಯಾವ ತರಹದ್ದು ಅಂತ ಕೇಳಬಹುದು. ನಿಜಕ್ಕೂ ಏನೂ ಇಲ್ಲದಿದ್ದರೆ "ಬೆಳಗ್ಗೆ ವಿದ್ಯಾರ್ಥಿಗಳೇ ಎಲ್ಲ ಹೇಳಿದರು, ಧನ್ಯವಾದ" ಅಂದು ಎದ್ದೇಳಿ.

ಹೆಜ್ಜೆ 9: ಮುಗಿದ ಮೇಲೆ

ಇನ್ನೂ ಬೇರೆ ಕಾಲೇಜಿನ ಸಂದರ್ಶನ ಬಾಕಿ ಇದ್ದರೆ, ಅದೇ ಸಂಜೆ ಎಲ್ಲಿ ತಡವರಿಸಿದಿರಿ, ಯಾವ ಎರಡನೇ ಪ್ರಶ್ನೆ ಎದುರುನೋಡಿರಲಿಲ್ಲ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಮೆರಿಕದಲ್ಲಿ ಚಿಕ್ಕ ಧನ್ಯವಾದದ ಪತ್ರ ಕಳಿಸುವ ರೂಢಿ ಇದೆ. ಕೆಲವು ಕಾಲೇಜುಗಳು ಬೇಡ ಅಂತಲೇ ಹೇಳುತ್ತವೆ, ಅಲ್ಲಿ ಕಳಿಸಬೇಡಿ. ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬಂದರೆ ಹೊಸ ಅಂಕ, ಹೊಸ ಕೆಲಸದ ವಿವರ ಕಳಿಸಬಹುದಾ ಅಂತ ಮೊದಲು ನಿಯಮ ನೋಡಿ, ಅನುಮತಿ ಇದ್ದರೆ ಒಂದೇ ಪುಟದಲ್ಲಿ ಕಳಿಸಿ.

ಎಂಎಂಐ ಮುಗಿಸಿ ಹೊರಬಂದ ಕೂಡಲೇ ಗೆಳೆಯರ ಗುಂಪಿನಲ್ಲಿ ಪ್ರಶ್ನೆಗಳನ್ನು ಹಂಚಬೇಡಿ. ಹಲವು ಕಾಲೇಜುಗಳು ಅದೇ ಸ್ಟೇಷನ್‌ಗಳನ್ನು ಬೇರೆ ದಿನ ಮತ್ತೆ ಬಳಸುತ್ತವೆ, ಪ್ರಶ್ನೆ ಹೊರಗೆ ಹೇಳುವುದಿಲ್ಲ ಅಂತ ಸಹಿಯನ್ನೂ ಹಾಕಿಸಿಕೊಳ್ಳುತ್ತವೆ. ಹೇಳಿದ್ದು ಗೊತ್ತಾದರೆ ಸೀಟು ಹೋಗಬಹುದು.